ತಟಸ್ಥನೋ, ನಿಷ್ಪಕ್ಷಪಾತಿಯೋ: ಶಾಂತಿಪಾಲನಾ ಪಡೆಯ ದಂಡನಾಯಕನ ಇಕ್ಕಟ್ಟು

‘ತಟಸ್ಥ’ ಮತ್ತು ‘ನಿಷ್ಪಕ್ಷಪಾತಿ’ ಎಂಬ ಪದಗಳನ್ನು ದಿನಬಳಕೆಯಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಪದಗಳನ್ನು ಬಿಡಿಸಿ ನೋಡಿದರೆ ಅಂತರ ತಿಳಿಯುತ್ತದೆ. ತಟದಲ್ಲಿ, ಅಂದರೆ ದಡದಲ್ಲಿ, ನಿಂತವನು ತಟಸ್ಥ. ಹೊಳೆಯಲ್ಲಿ ಏನೇ ನಡೆದರೂ ಅವನು ನೀರಿಗಿಳಿಯುವುದಿಲ್ಲ. ಯಾವುದೇ ಪಕ್ಷದ ಕಡೆಗೆ ವಾಲದವನು ನಿಷ್ಪಕ್ಷಪಾತಿ. ನ್ಯಾಯಾಧೀಶನು ದಡದಲ್ಲಿ ನಿಂತವನಲ್ಲ, ಒಬ್ಬರ ಪರವಾಗಿ ತೀರ್ಪು ಕೊಡಲೇಬೇಕಾದವನು; ಆದರೂ ಅವನು ನಿಷ್ಪಕ್ಷಪಾತಿಯಾಗಿರಬಲ್ಲ. ಅಂತಾರಾಷ್ಟ್ರೀಯ ಶಾಂತಿಪಾಲನಾ ಪಡೆಗಳ ದಂಡನಾಯಕರ ಮೇಲೆ ಬರುವ ಪಕ್ಷಪಾತದ ಆರೋಪಗಳನ್ನು ತೂಗಿ ನೋಡಲು ಈ ಅಂತರ ಅತ್ಯಗತ್ಯ.

ಇಂತಹ ದಂಡನಾಯಕನ ಸ್ಥಾನವೇ ಸಂಶಯಕ್ಕೆ ಎಡೆಮಾಡಿಕೊಡುವಂಥದು. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಸದಸ್ಯ ರಾಷ್ಟ್ರಗಳು ಸೈನಿಕರನ್ನು ಎರವಲಾಗಿ ಕೊಡುತ್ತವೆ. ದಂಡನಾಯಕನು ವಿಶ್ವಸಂಸ್ಥೆಗೆ ಉತ್ತರದಾಯಿಯಾದರೂ ತನ್ನ ದೇಶದ ಸೈನ್ಯದ ಅಧಿಕಾರಿಯಾಗಿಯೇ ಉಳಿದಿರುತ್ತಾನೆ. ಅವನ ದೇಶಕ್ಕೆ ತನ್ನದೇ ಸ್ನೇಹ-ವೈರಗಳಿರುತ್ತವೆ. ಹೀಗಾಗಿ ಅವನ ಪ್ರತಿಯೊಂದು ನಿರ್ಧಾರದ ಹಿಂದೆಯೂ ಅವನ ದೇಶದ ನೆರಳನ್ನು ಹುಡುಕುವವರು ಇದ್ದೇ ಇರುತ್ತಾರೆ.

ಕಾಸರಗೋಡು, ವಯನಾಡುಗಳ ನೆರೆಯ ಕೊಡಗಿನವರಾದ ಕೆ. ಎಸ್. ತಿಮ್ಮಯ್ಯನವರು ಎದುರಿಸಿದ್ದು ಇದನ್ನೇ. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮ ಏರ್ಪಟ್ಟಾಗ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ವಿಶ್ವಸಂಸ್ಥೆಯ ಪಡೆಗಳು ಹಿಡಿದಿದ್ದ ಚೀನಾ ಹಾಗೂ ಉತ್ತರ ಕೊರಿಯಾದ ಅಂತಹ ಕೈದಿಗಳೇ 22,000ಕ್ಕೂ ಹೆಚ್ಚು. ಅವರ ಇಚ್ಛೆಯನ್ನು ಅರಿಯಲು ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾಗಳ ಆಯೋಗವೊಂದು ರಚನೆಯಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಕೈದಿಗಳ ಕಾವಲು ಭಾರತೀಯ ಪಡೆಯದು. ಈ ಯುದ್ಧದಲ್ಲಿ ವಿಶ್ವಸಂಸ್ಥೆಯೇ ಒಂದು ಪಕ್ಷವಾಗಿದ್ದುದರಿಂದ ಇದು ಮುಂದಿನ ಕಾಲದ ಶಾಂತಿಪಾಲನಾ ಪಡೆಗಳಂಥ ವ್ಯವಸ್ಥೆಯಲ್ಲ. ಆದರೆ ಸಮಸ್ಯೆ ಅದೇ.

ಭಾರತವು ಕಮ್ಯೂನಿಸ್ಟರ ಪರವೆಂದು ಬಗೆದ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದೆಂದರು. ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಮರಳುವಂತೆ ಕೈದಿಗಳ ಮನವೊಲಿಸಲು ಅವರ ದೇಶದ ಪ್ರತಿನಿಧಿಗಳಿಗೆ 90 ದಿನಗಳ ಅವಕಾಶವಿತ್ತು. ಹಲವು ಕೈದಿಗಳು ಆ ಭೇಟಿಗೇ ಬರಲೊಲ್ಲದಾದರು. ಅವರನ್ನು ಬಲವಂತದಿಂದ ಎಳೆತರಬೇಕೇ? ಬಲಪ್ರಯೋಗ ಸಲ್ಲದೆಂದು ಸ್ವೀಡನ್, ಸ್ವಿಟ್ಜರ್ಲೆಂಡ್‌ಗಳು ವಾದಿಸಿದವು; ಪೋಲೆಂಡ್, ಜೆಕೊಸ್ಲೊವಾಕಿಯಾಗಳು ಒಪ್ಪಲಿಲ್ಲ. ತಿಮ್ಮಯ್ಯನವರು ಬಲ ಪ್ರಯೋಗಿಸಲಿಲ್ಲ. ಇದರಿಂದ ಚೀನಾ ಮತ್ತು ಉತ್ತರ ಕೊರಿಯಾಗಳಿಗೆ ಅಸಮಾಧಾನವಾಯಿತು. ಅವಧಿ ಮುಗಿಯುತ್ತ ಬಂದಾಗ ಕೈದಿಗಳನ್ನು ಸ್ವತಂತ್ರರೆಂದು ಘೋಷಿಸಬೇಕೆಂದು ಅಮೆರಿಕದ ಕಡೆಯವರು ಬಯಸಿದರು. ಒಪ್ಪಂದದಲ್ಲಿ ಹೇಳಿದ್ದ ರಾಜಕೀಯ ಸಮ್ಮೇಳನ ನಡೆಯದೆ ಹಾಗೆ ಘೋಷಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು ತಿಮ್ಮಯ್ಯನವರು, 1954ರ ಜನವರಿಯಲ್ಲಿ, ಕೈದಿಗಳನ್ನು ಮೊದಲು ಹಿಡಿದಿದ್ದವರಿಗೇ ಒಪ್ಪಿಸಿದರು. ಈ ಕ್ರಮಕ್ಕೂ ಆಕ್ಷೇಪಗಳು ಬಂದವು.

ಎರಡೂ ಕಡೆಯವರು ದೂರಿದರೆಂಬುದೇ ನಿಷ್ಪಕ್ಷಪಾತಕ್ಕೆ ಸಾಕ್ಷಿಯಲ್ಲ. ಅಸಮರ್ಥನನ್ನೂ ಎರಡೂ ಕಡೆಯವರು ದೂರಬಹುದು. ಇಲ್ಲಿ ಗಮನಿಸಬೇಕಾದುದು ಬೇರೆ. ಎರಡು ಸಂದರ್ಭಗಳಲ್ಲಿಯೂ ತಿಮ್ಮಯ್ಯನವರು ಆಧಾರವಾಗಿ ಹಿಡಿದದ್ದು ಒಪ್ಪಂದದ ಪಠ್ಯವನ್ನು. ಅದು ಒಮ್ಮೆ ಒಂದು ಪಕ್ಷಕ್ಕೆ, ಇನ್ನೊಮ್ಮೆ ಮತ್ತೊಂದು ಪಕ್ಷಕ್ಕೆ ಅಹಿತವಾಯಿತು. ಮುಂದೆ 1964ರಲ್ಲಿ ಅವರು ಸೈಪ್ರಸ್‌ನ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾದರು. 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ನಿಧನರಾದರು.

ಆದರೆ ಪಠ್ಯವೇ ಕೈಕಟ್ಟಿದರೆ? ರುವಾಂಡಾ ಈ ಪ್ರಶ್ನೆಯನ್ನು ಎತ್ತಿತು. ಹತ್ಯಾಕಾಂಡಕ್ಕೆ ಶಸ್ತ್ರಾಸ್ತ್ರಗಳನ್ನು ಕೂಡಿಡಲಾಗುತ್ತಿದೆಯೆಂಬ ಸುಳಿವು ಸಿಕ್ಕಿದಾಗ, ದಂಡನಾಯಕ ರೋಮಿಯೋ ಡಲೇರ್ 1994ರ ಜನವರಿ 11ರಂದು ನ್ಯೂಯಾರ್ಕಿಗೆ ತಂತಿ ಕಳುಹಿಸಿ, ಅವನ್ನು ವಶಪಡಿಸಿಕೊಳ್ಳುವ ಉದ್ದೇಶವನ್ನು ತಿಳಿಸಿದರು. ಅದು ಪಡೆಯ ಕಾರ್ಯಾದೇಶವನ್ನು ಮೀರುತ್ತದೆಂದು ಕೇಂದ್ರ ಕಚೇರಿ ತಡೆಯಿತು. ಏಪ್ರಿಲ್‌ನಲ್ಲಿ ಕಗ್ಗೊಲೆ ಆರಂಭವಾದ ಮೇಲೆ ಭದ್ರತಾ ಮಂಡಳಿಯು ಪಡೆಯನ್ನು ಹೆಚ್ಚಿಸುವ ಬದಲು 270 ಮಂದಿಗೆ ಇಳಿಸಲು ನಿರ್ಣಯಿಸಿತು. ಸುಮಾರು ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ. ಕೊಲ್ಲುವವರು ಮತ್ತು ಕೊಲೆಯಾಗುವವರ ನಡುವೆ ಸಮಾನ ದೂರ ಕಾಯ್ದುಕೊಳ್ಳುವುದು ಕೊಲ್ಲುವವರಿಗೇ ನೆರವಾಯಿತು.

ಈ ಅನುಭವದ ಬಳಿಕವೇ ವಿಶ್ವಸಂಸ್ಥೆಯ ಚಿಂತನೆ ಬದಲಾಯಿತು. ಲಖ್ದರ್ ಬ್ರಾಹಿಮಿ ನೇತೃತ್ವದ ಸಮಿತಿಯು 2000ದಲ್ಲಿ ಕೊಟ್ಟ ವರದಿಯ ಪ್ರಕಾರ, ನಿಷ್ಪಕ್ಷಪಾತವೆಂದರೆ ಸನ್ನದು ಮತ್ತು ಕಾರ್ಯಾದೇಶಗಳ ತತ್ತ್ವಗಳಿಗೆ ನಿಷ್ಠೆ. ಎಲ್ಲ ಕಾಲದಲ್ಲಿಯೂ ಎಲ್ಲರನ್ನೂ ಒಂದೇ ರೀತಿ ಕಾಣುವುದಲ್ಲ. ಒಂದು ಪಕ್ಷವು ಒಪ್ಪಂದವನ್ನು ಮುರಿದು ಜನರ ಮೇಲೆ ಎರಗಿದರೆ, ಅದನ್ನು ತಡೆಯುವುದು ಪಕ್ಷಪಾತವಾಗದು.

ಸಂಶಯವು ಪಡೆಯ ಒಳಗಿನಿಂದಲೂ ಹುಟ್ಟಬಹುದು. ಸಿಯೆರಾ ಲಿಯೋನ್‌ನಲ್ಲಿ ದಂಡನಾಯಕರಾಗಿದ್ದ ಭಾರತದ ಮೇಜರ್ ಜನರಲ್ ವಿ. ಕೆ. ಜೇಟ್ಲಿಯವರ ಟಿಪ್ಪಣಿಯೊಂದು 2000ದ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಯಿತು. ನೈಜೀರಿಯಾದ ಹಿರಿಯ ಅಧಿಕಾರಿಗಳು ಕೆಲವರು ವಜ್ರದ ವ್ಯವಹಾರದಲ್ಲಿ ಬಂಡುಕೋರರೊಡನೆ ಕೈಜೋಡಿಸಿದ್ದಾರೆಂಬ ಆರೋಪ ಅದರಲ್ಲಿತ್ತು. ನೈಜೀರಿಯಾ ಅದನ್ನು ಅಲ್ಲಗಳೆದು, ಜೇಟ್ಲಿಯವರ ಮೇಲೆಯೇ ವಿಶ್ವಾಸವಿಲ್ಲವೆಂದಿತು. ಕೊನೆಗೆ ಭಾರತ ತನ್ನ ಪಡೆಯನ್ನು ಹಿಂತೆಗೆದುಕೊಂಡಿತು. ಆರೋಪದ ಸತ್ಯಾಸತ್ಯತೆ ಏನೇ ಇರಲಿ, ಪರಸ್ಪರ ನಂಬಿಕೆ ಕಳೆದುಕೊಂಡ ಪಡೆಯು ಅನುಭವಿ ಸೈನಿಕರನ್ನೂ ಕಳೆದುಕೊಂಡಿತು. ಅದರ ಬೆಲೆಯನ್ನು ತೆರುವವರು ಆ ನಾಡಿನ ಸಾಮಾನ್ಯ ಜನ.

ಆದ್ದರಿಂದ ದಂಡನಾಯಕನು ಯಾವ ದೇಶದವನು, ಅವನನ್ನು ಯಾರು ಮೆಚ್ಚಿದರು, ಯಾರು ದೂರಿದರು ಎಂಬುದರಿಂದ ಅವನ ನಿಷ್ಪಕ್ಷಪಾತ ತೀರ್ಮಾನವಾಗದು. ಅವನು ಯಾವ ನಿಯಮವನ್ನು ಆಧರಿಸಿದನು, ಅದನ್ನು ಎಲ್ಲರಿಗೂ ಸಮನಾಗಿ ಅನ್ವಯಿಸಿದನೇ, ತನ್ನ ನಿರ್ಧಾರದ ಕಾರಣವನ್ನು ಬಹಿರಂಗವಾಗಿ ಹೇಳಿದನೇ ಎಂಬುವು ಕೇಳಬೇಕಾದ ಪ್ರಶ್ನೆಗಳು. ನಿಯಮವೇ ನಿರಪರಾಧಿಗಳನ್ನು ಸಾವಿಗೆ ಬಿಟ್ಟುಕೊಡುವಂತಿದ್ದರೆ, ಪ್ರಶ್ನಿಸಬೇಕಾದುದು ಕಣದಲ್ಲಿರುವ ದಂಡನಾಯಕನಿಗಿಂತ ಮೊದಲು ಆ ನಿಯಮವನ್ನು ಬರೆದವರನ್ನು.