ಜುಮಾ ದಿನ ಬಿಟ್ಟುಹೋಗುವ ಮಾತ್ರೆ

ಶುಕ್ರವಾರ ಬಂದರೆ ಬೆಳಗಿನ ಒಂದು ಮಾತ್ರೆಯನ್ನು ಸದ್ದಿಲ್ಲದೆ ಬಿಡುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅದನ್ನು ನುಂಗಿದರೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕು. ಖುತುಬಾದ ನಡುವೆ ಏಳಬೇಕಾದೀತು, ವುಝೂ ಮುರಿದೀತು ಎಂಬ ಅಂಜಿಕೆ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗುವ ದಿನವೂ ಇದೇ ಕಥೆ. ಕೊಟ್ಟಿಗೆಹಾರ ದಾಟಿದ ಮೇಲೆ ಬಸ್ಸು ನಿಲ್ಲಿಸಿ ಎನ್ನಲು, ಅದರಲ್ಲೂ ಹೆಂಗಸರಿಗೆ, ಬಾಯಿ ಬರುವುದಿಲ್ಲ. ಹಾಗಾಗಿ ವೈದ್ಯರ ಮುಂದೆ ಕೂರುವ ದಿನವೇ ಮಾತ್ರೆ ತಪ್ಪಿರುತ್ತದೆ.

ಹೃದಯ ಸೋತಾಗ, ಕಿಡ್ನಿ ಅಥವಾ ಲಿವರ್ ಕೆಟ್ಟಾಗ ದೇಹದಲ್ಲಿ ಉಪ್ಪು, ನೀರು ನಿಂತು ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಈ ಮಾತ್ರೆ ಕಿಡ್ನಿಯ ಮೂಲಕ ಉಪ್ಪನ್ನು ಹೊರಹಾಕುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಫ್ಯುರೋಸೆಮೈಡ್. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು, ಒಂದೆರಡು ಗಂಟೆಯಲ್ಲಿ ರಭಸ ಜಾಸ್ತಿ, ಆರೆಂಟು ಗಂಟೆಗೆ ಮುಗಿಯಿತು. ಈ ಲೆಕ್ಕ ಗೊತ್ತಿದ್ದರೆ ಜುಮಾವೂ ತಪ್ಪುವುದಿಲ್ಲ, ಮಾತ್ರೆಯೂ ತಪ್ಪುವುದಿಲ್ಲ. ಬೆಳಿಗ್ಗೆ 6 ಗಂಟೆಗೆ ತೆಗೆದುಕೊಂಡರೆ ಮಸೀದಿಗೆ ಹೊರಡುವ ಹೊತ್ತಿಗೆ ರಭಸ ಇಳಿದಿರುತ್ತದೆ. ಪ್ರಯಾಣದ ದಿನ ಊರು ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ನೀವಾಗಿಯೇ ರಾತ್ರಿಗೆ ಮುಂದೂಡಬೇಡಿ. ಮಲೆನಾಡಿನ ಮಳೆಯಲ್ಲಿ, ಕರೆಂಟಿಲ್ಲದ ಕತ್ತಲಲ್ಲಿ ಹೊರಗಿನ ಶೌಚಾಲಯಕ್ಕೆ ಹೋಗಿ ಜಾರಿ ಬಿದ್ದರೆ ಆ ಸಂಕಟವೇ ಬೇರೆ. ಮೂತ್ರ ಸೋರುತ್ತಲೇ ಇರುವವರಿಗೆ ನಮಾಝಿನ ವಿಷಯದಲ್ಲಿ ರಿಯಾಯಿತಿಯಿದೆ, ಉಸ್ತಾದರಲ್ಲಿ ಕೇಳಲು ನಾಚಬೇಡಿ.

ರಮಝಾನ್ ಇನ್ನೂ ಸೂಕ್ಷ್ಮ. ಸಹರಿಗೆ ಮಾತ್ರೆ ನುಂಗಿ ಉಪವಾಸ ಹಿಡಿದರೆ ಬೆಳಗಿನ ಹೊತ್ತೆಲ್ಲ ನೀರು ಹೊರಗೆ ಹೋಗುತ್ತದೆ, ಮಗ್ರಿಬ್ ತನಕ ಒಂದು ಗುಟುಕೂ ಒಳಗೆ ಬರುವುದಿಲ್ಲ. ಬಿಪಿ ಇಳಿದು ತಲೆ ಸುತ್ತಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಶಅಬಾನಿನಲ್ಲೇ ವೈದ್ಯರನ್ನು ಕಾಣಿ. ಕೆಲವರಿಗೆ ಮಾತ್ರೆಯನ್ನು ಇಫ್ತಾರಿನ ನಂತರಕ್ಕೆ ಬದಲಿಸುತ್ತಾರೆ, ಕೆಲವರಿಗೆ ಪ್ರಮಾಣ ಬದಲಿಸುತ್ತಾರೆ, ಹೃದಯ ತೀರಾ ದುರ್ಬಲವಾದವರಿಗೆ ಉಪವಾಸವೇ ಬೇಡ ಎನ್ನಬಹುದು. ರೋಗಿಯು ಬೇರೆ ದಿನಗಳಲ್ಲಿ ಪೂರೈಸಬಹುದೆಂದು ಕುರ್‌ಆನಿನ ಅಲ್ ಬಕರ ಅಧ್ಯಾಯದ 185ನೆಯ ಸೂಕ್ತ ಹೇಳುತ್ತದೆ. ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಫಿದ್ಯಾ ಇದೆ. ಇಷ್ಟು ಸ್ಪಷ್ಟವಾಗಿರುವಾಗ ಹಟ ಏಕೆ?

ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಕಾಲು ಊದುತ್ತದೆ, ಆ ಊತ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಒಂದೇ ಕಾಲು ದಿಢೀರನೆ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ಗರ್ಭಿಣಿಯ ಮುಖ, ಕೈ ಊದಿದರೆ ಅಂದೇ ಆಸ್ಪತ್ರೆಗೆ. ‘ಮಾತ್ರೆ ತಿನ್ನುವವರು ಬಾಳೆಹಣ್ಣು, ಎಳನೀರು ಜಾಸ್ತಿ ತೆಗೆದುಕೊಳ್ಳಬೇಕು’ ಎಂಬ ಮಾತೂ ಎಲ್ಲರಿಗೂ ಸರಿಯಲ್ಲ. ಫ್ಯುರೋಸೆಮೈಡ್ ಪೊಟ್ಯಾಸಿಯಂ ಇಳಿಸುತ್ತದೆ ನಿಜ, ಆದರೆ ಸ್ಪೈರೊನೊಲ್ಯಾಕ್ಟೋನ್ ಅದನ್ನು ಏರಿಸುತ್ತದೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಸ್ಟ್ರಿಪ್ಪಿನ ಮೇಲಿನ ಹೆಸರು ಓದಿ, ವೈದ್ಯರು ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿ.

ತೋಟದ ಕೆಲಸ ಮುಗಿಸಿ ಸೊಂಟನೋವೆಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರುವುದು ನಮ್ಮಲ್ಲಿ ಮಾಮೂಲು. ಅವು ನೀರನ್ನು ಮತ್ತೆ ಹಿಡಿದಿಡುತ್ತವೆ, ಈ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ಅಪಾಯ. ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಹಪ್ಪಳವೂ ಮಾತ್ರೆ ಮಾಡಿದ ಕೆಲಸವನ್ನು ಕೆಡಿಸುತ್ತವೆ.

ಹೃದಯದ ತೊಂದರೆಯಿದ್ದರೆ ಮನೆಗೊಂದು ತೂಕದ ಯಂತ್ರ ತನ್ನಿ. ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದೆರಡು ದಿನದಲ್ಲಿ ಒಂದೂವರೆ ಕಿಲೋ, ಅಥವಾ ವಾರದಲ್ಲಿ 2 ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು. ವೈದ್ಯರಿಗೆ ಫೋನ್ ಮಾಡಿ. ವಾಂತಿ, ಭೇದಿ ಶುರುವಾದರೆ, ಎದ್ದಾಗ ಕಣ್ಣು ಕತ್ತಲಾದರೆ, ಮೀನಖಂಡ ಹಿಡಿದುಕೊಂಡರೆ, ಮೂತ್ರವೇ ಕಡಿಮೆಯಾದರೆ ಮುಂದಿನ ಮಾತ್ರೆಗೆ ಮೊದಲೇ ಕೇಳಿ. ಮಲಗಿದರೆ ಉಸಿರು ಕಟ್ಟುವಂತಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಹೊರಡಿ.