ನಿಂತರೆ ಕುದಿಯುವ ಕಾರು

ಬಾದನಹಟ್ಟಿಯಿಂದ ಹೊರಟ ಕಾರು ಬಯಲು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಬಳ್ಳಾರಿಯ ರಾಯಲ್ ವೃತ್ತದ ದಟ್ಟಣೆಯಲ್ಲಿ ಸಿಕ್ಕಿಕೊಂಡ ಮೇಲೆ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ಹಾಗಾದರೆ ಅರ್ಧ ರೋಗ ಪತ್ತೆಯಾದಂತೆಯೇ. ಓಡುವಾಗ ರೇಡಿಯೇಟರಿನ ಶಾಖವನ್ನು ಎದುರುಗಾಳಿಯೇ ಹೊತ್ತೊಯ್ಯುತ್ತದೆ, ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ನಿಂತಾಗ ಗಾಳಿ ಎಳೆಯಲು ಅದನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ವೇಗವಾಗಿ ಓಡುವಾಗಲೇ ಹೀಟ್ ಆಗುವ ಕಾರಾದರೆ ಫ್ಯಾನನ್ನು ಬೈದು ಪ್ರಯೋಜನವಿಲ್ಲ. ಕೂಲೆಂಟ್, ಥರ್ಮೋಸ್ಟಾಟ್, ವಾಟರ್ ಪಂಪ್ ನೋಡಬೇಕು. ಗಡಸು ಬೋರ್‌ವೆಲ್ ನೀರು ಸುರಿಯುತ್ತಾ ಬಂದಿದ್ದರೆ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ.

ನಮ್ಮ ಬೇಸಿಗೆಯಲ್ಲಿ ಈ ತೊಂದರೆ ಜಾಸ್ತಿ. ಬಿಸಿ ವಸ್ತುವಿಗೂ ಸುತ್ತಲಿನ ಗಾಳಿಗೂ ಉಷ್ಣಾಂಶದ ಅಂತರ ಹೆಚ್ಚಿದ್ದಷ್ಟೂ ಶಾಖ ಬೇಗ ಹೊರಹೋಗುತ್ತದೆ. ಕೂಲೆಂಟ್ 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಮೇ ತಿಂಗಳ 42 ಡಿಗ್ರಿಯಲ್ಲಿ ಅದು 53ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರು, ಅದೇ ಗಾಳಿ, ಶಕ್ತಿ ಮಾತ್ರ ಸುಮಾರು ಕಾಲು ಭಾಗ ಕಡಿಮೆ. ಸಾಲದ್ದಕ್ಕೆ ಭತ್ತದ ಕೊಯ್ಲಿನ ಹೊಟ್ಟು, ಹತ್ತಿಯ ಎಳೆ. ಇವು ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸೇರಿಕೊಂಡರೆ ಮುಂದಿನಿಂದ ಕಾಣುವುದೂ ಇಲ್ಲ.

ಫ್ಯಾನು ತಿರುಗದಿದ್ದರೆ ಮೋಟರು ಸುಟ್ಟಿದೆ ಎಂದುಕೊಂಡು ಹೊಸದು ತರಲು ಓಡುವವರೇ ಹೆಚ್ಚು. ಆದರೆ ಮೋಟರು ಸ್ವಂತ ಬುದ್ಧಿಯಿಂದ ತಿರುಗುವುದಿಲ್ಲ. ಸೆನ್ಸರು ಕೂಲೆಂಟಿನ ಬಿಸಿಯನ್ನು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರು ರಿಲೇಗೆ ಅಪ್ಪಣೆ ಕೊಡುತ್ತದೆ, ರಿಲೇ ಕರೆಂಟು ಬಿಡುತ್ತದೆ. ಈ ಸರಪಳಿ ಎಲ್ಲಿ ಕಡಿದಿದೆ ಎಂದು ತಿಳಿಯಲು ಪುಕ್ಕಟೆ ಪರೀಕ್ಷೆಯೊಂದಿದೆ: ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ. ಒಂದೇ ಫ್ಯಾನಿನ ಬಹುತೇಕ ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನು ತಿರುಗಲೇಬೇಕು. ತಿರುಗಿತೋ, ಮೋಟರು ಬದುಕಿದೆ. ಅನುಮಾನ ಸೆನ್ಸರಿನ ಮೇಲೆ.

ಸೆನ್ಸರು ಸರಿಯಿದ್ದೂ ಮೋಸ ಹೋಗುವುದುಂಟು. ಅದು ಬಿಸಿಯಾದಷ್ಟೂ ವಿದ್ಯುತ್ ತಡೆ ಕಡಿಮೆಯಾಗುವ ಸಣ್ಣ ಗುಂಡಿಯಂಥ ವಸ್ತು, ಕೂಲೆಂಟಿನಲ್ಲಿ ಮುಳುಗಿದ್ದರಷ್ಟೇ ಸರಿಯಾದ ಸುದ್ದಿ ಕೊಡುತ್ತದೆ. ಕೂಲೆಂಟ್ ಸೋರಿ ಮಟ್ಟ ಇಳಿದರೆ ಅದರ ಸುತ್ತ ಗಾಳಿ ಅಥವಾ ಹಬೆ ಉಳಿದು, ಇಂಜಿನ್ ಕುದಿಯುತ್ತಿದ್ದರೂ ಸೆನ್ಸರು ‘ತಂಪಾಗಿದೆ’ ಎನ್ನಬಹುದು. ಆದ್ದರಿಂದ ಮೊದಲು ಮಟ್ಟ ನೋಡಿ, ಅದೂ ಇಂಜಿನ್ ಪೂರ್ತಿ ಆರಿದ ಮೇಲೆ. ಮುಚ್ಚಳದ ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಎಸಿ ಹಾಕಿದರೂ ಫ್ಯಾನು ಅಲುಗದಿದ್ದರೆ ಫ್ಯೂಸು, ರಿಲೇ, ಅರ್ಥ್ ವೈರು, ಕನೆಕ್ಟರು. ಅದೇ ನಮೂನೆಯ ಹಾರ್ನ್ ರಿಲೇ ಇದ್ದರೆ ಅದನ್ನು ಕಿತ್ತು ಫ್ಯಾನ್ ರಿಲೇಯ ಜಾಗಕ್ಕೆ ಹಾಕಿ ನೋಡಬಹುದು. ಫ್ಯಾನಿನ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡುವುದಾದರೆ ಬ್ಯಾಟರಿಯ ವೈರು ಕಳಚಿದ ನಂತರವೇ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಅದು ತಾನಾಗಿ ಶುರುವಾಗುತ್ತದೆ. ವೈರು ಮತ್ತೆ ಕೂಡಿಸಿದ ಮೇಲೆ, ಮೋಟರಿಗೆ ಕೋಲಿನಿಂದ ಮೆಲ್ಲಗೆ ತಟ್ಟಿದಾಗ ತಿರುಗತೊಡಗಿದರೆ ಕಾರ್ಬನ್ ಬ್ರಷ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಹೊಸ ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಮೋಟರು ಹಿಡಿದುಕೊಂಡಿದೆ ಅಥವಾ ವೈರು ಎಲ್ಲೋ ಶಾರ್ಟ್ ಆಗಿದೆ. ಅಲ್ಲಿ ದೊಡ್ಡ ಫ್ಯೂಸು ಹಾಕಿದರೆ ವೈರಿಂಗೇ ಸುಟ್ಟೀತು.

ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ಚಿಟ್ಟು ಫ್ಯಾನಿಗೆ ‘ಡೈರೆಕ್ಟ್’ ಕೊಡುವುದು ನಮ್ಮಲ್ಲಿ ಮಾಮೂಲು. ವರ್ಕ್‌ಶಾಪ್ ತಲುಪುವ ಮಟ್ಟಿಗೆ ಅಡ್ಡಿಯಿಲ್ಲ. ಅದನ್ನೇ ಕಾಯಂ ಮಾಡಿದರೆ ಇಂಜಿನ್ನಿನ ಆಯುಸ್ಸು ಚಾಲಕನ ನೆನಪಿನ ಮೇಲೆ ನಿಲ್ಲುತ್ತದೆ. ಹತ್ತಿಪ್ಪತ್ತು ಆಂಪಿಯರ್ ಎಳೆಯುವ ಫ್ಯಾನಿಗೆ ರಿಲೇ ಇಲ್ಲದೆ ಕೊಟ್ಟ ಸಣ್ಣ ಸ್ವಿಚ್ಚು ಕರಗಲೂಬಹುದು.

ದಾರಿಯಲ್ಲಿ ಬಿಸಿಯೇರಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುವಿ, ಕಿಟಕಿ ಇಳಿಸಿ. ಹೀಟರೂ ಸಣ್ಣದೊಂದು ರೇಡಿಯೇಟರೇ, ಇಂಜಿನ್ನಿನ ಶಾಖವನ್ನು ಒಳಗಿರುವವರ ಮೇಲೆ ಊದುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ಹೀಟರು ಹಾಕು ಎಂದರೆ ಹಿಂದಿನ ಸೀಟಿನವರು ಸುಮ್ಮನಿರಲಾರರು, ನಿಜ. ಆದರೂ ಮುಳ್ಳು ಕೆಂಪಿಗೆ ಮುಟ್ಟಿದರೆ ಅದನ್ನೂ ನೆಚ್ಚದೆ ಬದಿಗೆ ಹಾಕಿ ಇಂಜಿನ್ ನಿಲ್ಲಿಸಬೇಕು. ಅಲ್ಯೂಮಿನಿಯಂ ಹೆಡ್ ಒಮ್ಮೆ ಬಾಗಿ ಗ್ಯಾಸ್ಕೆಟ್ ಹೋದರೆ, ಒಂದು ರಿಲೇಯ ದುಡ್ಡಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಇಂಜಿನ್ ಬಿಚ್ಚಬೇಕಾಗುತ್ತದೆ.