ನಿಕಾಹ್‌ಗೆ ಸಾಕ್ಷಿ ಬೇಕು, ಬಿರಿಯಾನಿ ದೇಗಿಗೆ ಬೇಡವೇ?

ನಿಕಾಹ್ ಸಭೆಯಲ್ಲಿ ಮಹರ್ ಎಷ್ಟು ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತೇವೆ. ಇಬ್ಬರು ಸಾಕ್ಷಿಗಳು ಪಕ್ಕದಲ್ಲೇ ಕೂತಿರುತ್ತಾರೆ. ಜಮಾಅತಿನ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸುತ್ತೇವೆ. ಆದರೆ ಅದೇ ಮದುವೆಯ ಹಾಲ್, ಊಟ, ಶಾಮಿಯಾನ, ಬಸ್ಸು, ಫೋಟೊಗೆ ಲಕ್ಷಗಟ್ಟಲೆ ಖರ್ಚಾಗುವ ಮಾತು ಮಾತ್ರ ಫೋನಿನಲ್ಲಿ ‘ಆಯ್ತು ಬಿಡಿ, ನಾವಿದ್ದೇವಲ್ಲ’ ಎಂಬಲ್ಲಿಗೆ ಮುಗಿದುಬಿಡುತ್ತದೆ. ಬರೆದುಕೊಳ್ಳೋಣ ಎಂದರೆ ‘ನಮ್ಮ ಮೇಲೆ ನಂಬಿಕೆ ಇಲ್ಲವಾ?’ ಎಂದು ಮುಖ ಸಣ್ಣ ಮಾಡುವವರೇ ಜಾಸ್ತಿ. ಈ ಮುಲಾಜಿಗೆ ಬಿದ್ದವರಲ್ಲಿ ನಾನೂ ಒಬ್ಬ. ಅದನ್ನೇ ಇಲ್ಲಿ ಹೇಳುತ್ತೇನೆ.

ನನ್ನ ಅಕ್ಕನ ಮಗ ಹುಮನಾಬಾದಿನಲ್ಲಿ ಬೇಕರಿ ಇಟ್ಟುಕೊಂಡಿದ್ದಾನೆ. ಹುಡುಗಿ ಬಸವಕಲ್ಯಾಣದವಳು. ನಿಕಾಹ್ ಹುಡುಗಿಯ ಊರಿನಲ್ಲಿ, ವಲೀಮಾ ಸುಮಾರು 30 ಕಿಲೋಮೀಟರ್ ಈಚೆ ಹುಮನಾಬಾದಿನಲ್ಲಿ ಎಂದು ನಿಶ್ಚಯವಾಯಿತು. ಮಂಗಳೂರಿನಿಂದ ಅಲ್ಲಿಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ‘ನಿನಗೆ ಉರ್ದು ಬರುತ್ತದಲ್ಲ, ನೀನೇ ಮೊದಲು ಹೋಗಿ ಮಾತಾಡಿ ಬಾ’ ಎಂದು ಅಕ್ಕ ನನ್ನನ್ನು ಕಳಿಸಿದಳು.

ಹೋದೆ. ಒಂದು ಫಂಕ್ಷನ್ ಹಾಲ್ ನೋಡಿದೆವು. ಬಾಡಿಗೆ 70 ಸಾವಿರ, ಬಯಾನಾ 25 ಸಾವಿರ. ಬಯಾನಾ ಎಂದರೆ ಆ ಕಡೆ ಮುಂಗಡ. ಅಡುಗೆಗೆ ಒಬ್ಬ ಬಾವರ್ಚಿ ಸಿಕ್ಕಿದರು, ಅವರಿಗೆ ಐದು ಸಾವಿರ ಕೊಟ್ಟೆವು. ಮುಂಗಡಕ್ಕೆ ಹಾಲ್‌ನವರು ಒಂದು ರಶೀದಿ ಕೊಟ್ಟರು. ಉಳಿದದ್ದೆಲ್ಲ ಬಾಯಿಮಾತು. ನಾನು ಪೆನ್ನು ತೆಗೆದದ್ದು ನೋಡಿ ಹಾಲ್ ಮ್ಯಾನೇಜರ್ ನಕ್ಕರು. ‘ಹಜ್ರತ್, ನಮ್ಮ ಊರಾಗ ಎಲ್ಲಾ ಮಾತಿನ ಮ್ಯಾಲೇ ನಡೀತದರಿ.’ ಪೆನ್ನು ಕಿಸೆಗೆ ಹಾಕಿದೆ.

ಅವರ ಮಾತು ಸುಳ್ಳಲ್ಲ. ವಾಡಿಕೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಕರಾರಿನಲ್ಲಿ ಹೇಳಿದಂತೆಯೇ ಎಂಬ ನಿಯಮ ಫಿಕ್ಹ್‌ನಲ್ಲೂ ಇದೆ. ಆದರೆ ವಾಡಿಕೆ ಇಬ್ಬರಿಗೂ ಒಂದೇ ಆಗಿರಬೇಕಲ್ಲ? ನಮಗೆ ಕರಾವಳಿಯಲ್ಲಿ ಊಟ ಎಂದರೆ ಪ್ಲೇಟಿಗೆ ಇಷ್ಟು ಎಂಬ ಲೆಕ್ಕ. ಸಾಮಾನು, ಗ್ಯಾಸು, ಬಡಿಸುವವರು ಎಲ್ಲ ಕೇಟರಿಂಗ್‌ನವರದೇ. ನಮ್ಮ ಬಾವರ್ಚಿ ಹೇಳಿದ್ದು ದೇಗಿನ ಲೆಕ್ಕ. ದೇಗ್ ಎಂದರೆ ಬಿರಿಯಾನಿ ಮಾಡುವ ದೊಡ್ಡ ಹಂಡೆ. ಒಂದು ದೇಗಿಗೆ ಇಷ್ಟು ಎಂದರೆ ಅದು ಕೈಕೂಲಿ ಮಾತ್ರ. ಅಕ್ಕಿ, ಮಾಂಸ, ಮಸಾಲೆ, ಕಟ್ಟಿಗೆ ನಾವೇ ತರಬೇಕು. ಹಂಡೆ, ತಟ್ಟೆ, ದಸ್ತರ್‌ಖಾನ್ ಟೆಂಟ್ ಹೌಸಿನಿಂದ ಬರಬೇಕು. ಬಡಿಸುವ ಹುಡುಗರ ಲೆಕ್ಕ ಬೇರೆ. ನಾನು ಕೇಳಿದ ದರ ಕಡಿಮೆ ಎಂದು ಖುಷಿಪಟ್ಟು ಊರಿಗೆ ಫೋನ್ ಮಾಡಿದ್ದೆ. ಬಾವರ್ಚಿ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ನಮ್ಮ ನಮ್ಮ ಊರಿನ ವಾಡಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತಲೆ ಆಡಿಸಿದೆವು, ಅಷ್ಟೇ. ಸಂಬಂಧ ದೂರದ ಊರಿಗೆ ಹೋದಷ್ಟೂ ಬರೆಯುವ ಅಗತ್ಯ ಹೆಚ್ಚುತ್ತದೆ ಎಂದು ನನಗೆ ಅರ್ಥವಾದದ್ದು ಆಮೇಲೆ.

ವಲೀಮಾಕ್ಕೆ ಹನ್ನೆರಡು ದಿನ ಇರುವಾಗ ಹುಡುಗಿಯ ಅಜ್ಜ ತೀರಿಕೊಂಡರು. ಮದುವೆಯನ್ನು ಮೂರು ವಾರ ಮುಂದೂಡಿದೆವು. ಹಾಲ್‌ನವರಿಗೆ ಫೋನ್ ಮಾಡಿದರೆ ‘ರಶೀದಿ ಹಿಂದ ನೋಡ್ರಿ’ ಎಂದರು. ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ದಿನ ಬದಲಾದರೆ ಬಯಾನಾ ವಾಪಸ್ ಇಲ್ಲ. ಮೂರು ಮದರಸ ಮಕ್ಕಳ ವರ್ಷದ ಖರ್ಚು ನಡೆಯುವಷ್ಟು ಹಣ ಆ ಒಂದು ಸಾಲಿನಲ್ಲಿ ಹೋಗಿತ್ತು. ಕನ್ನಡದಲ್ಲಿ ಮುಂಗಡಕ್ಕೆ ಸಂಚಕಾರ ಎಂಬ ಹಳೆಯ ಹೆಸರಿದೆ. ಅದೇ ಪದಕ್ಕೆ ಆಪತ್ತು ಎಂಬ ಅರ್ಥವೂ ಇದೆ. ಆ ದಿನ ಎರಡೂ ಅರ್ಥ ಒಟ್ಟಿಗೇ ತಿಳಿಯಿತು.

ಇಂಥ ಮುಂಗಡದ ಬಗ್ಗೆ ನಮ್ಮ ಕಿತಾಬುಗಳಲ್ಲಿ ಚರ್ಚೆ ಇದೆ. ಅರಬಿಯಲ್ಲಿ ಇದಕ್ಕೆ ‘ಅರ್ಬೂನ್’ ಎನ್ನುತ್ತಾರೆ. ವ್ಯವಹಾರ ಮುರಿದರೆ ಮುಂಗಡ ಮಾರುವವನಿಗೇ ಹೋಗಬೇಕು ಎಂಬ ಷರತ್ತನ್ನು ಹನಫಿ, ಮಾಲಿಕಿ, ಶಾಫಿಈ ಮೂರೂ ಮದ್ಹಬ್‌ಗಳು ಒಪ್ಪುವುದಿಲ್ಲ. ಬದಲಿಗೆ ಏನೂ ಕೊಡದೆ ಇನ್ನೊಬ್ಬನ ಹಣ ಇಟ್ಟುಕೊಂಡಂತೆ ಆಗುತ್ತದೆ ಎಂಬುದು ಅವರ ವಾದ. ಹಂಬಲಿ ಮದ್ಹಬ್‌ನಲ್ಲಿ ಮಾತ್ರ ಅನುಮತಿ ಇದೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಅನುಮತಿ ಕೊಟ್ಟಿದೆ, ಆದರೆ ಕಾಯುವ ಅವಧಿ ಇಷ್ಟು ಎಂದು ಮೊದಲೇ ನಿಗದಿಯಾಗಿರಬೇಕು. ಬ್ಯಾರಿಗಳಲ್ಲಿ ಬಹುಪಾಲು ಶಾಫಿಈಗಳು, ಬೀದರ್ ಕಡೆಯವರು ಹೆಚ್ಚಾಗಿ ಹನಫಿಗಳು. ಅಂದರೆ ಎರಡೂ ಕಡೆಯವರ ಮದ್ಹಬ್ ಪ್ರಕಾರ ಆ ಸಣ್ಣ ಅಕ್ಷರದ ಸಾಲು ಪ್ರಶ್ನೆಗೆ ಒಳಗಾಗುವಂಥದ್ದು.

ದೇಶದ ಕಾನೂನು ಏನನ್ನುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಕರಾರಿಗೂ ಬೆಲೆ ಇದೆ, ಆದರೆ ಸಾಬೀತು ಮಾಡುವುದು ಕಷ್ಟ. ಅದೇ ಕಾಯ್ದೆಯ 74ನೇ ಕಲಮಿನಂತೆ, ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತ ಮೀರದ, ನ್ಯಾಯವಾದ ಪರಿಹಾರ ಮಾತ್ರ. ಇದಕ್ಕೆ ಪ್ರಸಿದ್ಧ ಉದಾಹರಣೆ 1969ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೌಲಾ ಬಕ್ಷ್ ಪ್ರಕರಣ. ಅವರು ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಗುತ್ತಿಗೆದಾರರು. ಸರಿಯಾಗಿ ಪೂರೈಸಲಿಲ್ಲ ಎಂದು ಸರಕಾರ ಅವರ 10,000 ಮತ್ತು 8,500 ರೂಪಾಯಿಯ ಎರಡು ಠೇವಣಿಗಳನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ನಿಮಗೆ ನಷ್ಟ ಎಷ್ಟಾಯಿತು ಎಂದು ತೋರಿಸಲು ಸಾಧ್ಯವಿದ್ದರೂ ತೋರಿಸಲಿಲ್ಲ, ಆದ್ದರಿಂದ ಠೇವಣಿ ಇಟ್ಟುಕೊಳ್ಳುವಂತಿಲ್ಲ ಎಂದು ಕೋರ್ಟ್ ಹೇಳಿತು. ಹಾಗೆಂದು ಎಲ್ಲ ಮುಂಗಡವೂ ವಾಪಸ್ ಬರುತ್ತದೆ ಎಂದಲ್ಲ. ನ್ಯಾಯವಾದ ಸಣ್ಣ ಸಂಚಕಾರವನ್ನು ಇಟ್ಟುಕೊಳ್ಳಬಹುದು ಎಂದೂ ಅದೇ ತೀರ್ಪಿನಲ್ಲಿದೆ.

ನಮ್ಮ ಹುಡುಗ ಇದನ್ನೆಲ್ಲ ಓದಿದವನಲ್ಲ, ಆದರೆ ವ್ಯಾಪಾರಿ. ‘ಮಾಮ, ನಾವು ಬಿಟ್ಟ ದಿನ ಹಾಲ್ ಖಾಲಿ ಇತ್ತಾ ಅಂತ ಮೊದಲು ನೋಡುವ’ ಎಂದ. ವಿಚಾರಿಸಿದರೆ ಆ ದಿನಕ್ಕೆ ಬೇರೆಯವರು ಬುಕ್ ಮಾಡಿಯಾಗಿತ್ತು! ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಮ್ಯಾನೇಜರ್ ಎದುರು ಕೂತೆವು. ಜಗಳ ಮಾಡಲಿಲ್ಲ. ‘ನಿಮಗೆ ನಷ್ಟ ಏನಾಗಿದೆ, ಅದನ್ನು ಹೇಳಿ, ಕೊಡುತ್ತೇವೆ’ ಎಂದೆವು. ಕೊನೆಗೆ ಏಳು ಸಾವಿರ ಅವರು ಇಟ್ಟುಕೊಂಡು 18 ಸಾವಿರವನ್ನು ಹೊಸ ದಿನದ ಬಾಡಿಗೆಗೆ ಹೊಂದಿಸಿದರು.

ಅಲ್ಲಿಂದ ಬಾವರ್ಚಿಯ ಮನೆಗೆ ಹೋದೆವು. ಅವರು ಐದು ಸಾವಿರವನ್ನು ಎಣಿಸಿ ತೆಗೆದಿಟ್ಟಿದ್ದರು. ನಮ್ಮ ದಿನಕ್ಕಾಗಿ ಇನ್ನೊಂದು ಮದುವೆಯ ಕೆಲಸವನ್ನು ಬಿಟ್ಟಿದ್ದರಂತೆ. ಹಾಲ್‌ಗೆ ಬೇರೆ ಗಿರಾಕಿ ಸಿಕ್ಕರು, ಇವರಿಗೆ ಸಿಗಲಿಲ್ಲ. ಇವರ ಹತ್ತಿರ ರಶೀದಿಯೂ ಇಲ್ಲ, ಹಿಂದೆ ಅಚ್ಚಾದ ಷರತ್ತೂ ಇಲ್ಲ. ‘ಮೌತ್ ಆಗ್ಯದ, ನಾ ಏನ್ ಕೇಳಲಿ ಹಜ್ರತ್’ ಎಂದರು. ನಾವು ನ್ಯಾಯ ಕೇಳಿಕೊಂಡು ಹಾಲ್‌ಗೆ ಹೋಗಿದ್ದೆವಲ್ಲ, ಇಲ್ಲಿ ಅದೇ ನ್ಯಾಯ ನಮ್ಮ ವಿರುದ್ಧ ನಿಂತಿತ್ತು. ನಿಜವಾಗಿ ನಷ್ಟವಾದದ್ದು ಇವರಿಗೆ. ಐದು ಸಾವಿರ ಅವರ ಕೈಯಲ್ಲೇ ಬಿಟ್ಟು, ಹೊಸ ದಿನದ ಮುಂಗಡವನ್ನು ಬೇರೆಯೇ ಕೊಟ್ಟೆವು. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬ ಪ್ರವಾದಿ (ಸ.ಅ.) ಅವರ ಬೋಧನೆಯನ್ನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಅದರ ಭಾರ ಗೊತ್ತಾದದ್ದು ಆ ಮನೆಯ ಚಾಪೆಯ ಮೇಲೆ.

ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು ಎಂದು ಕೇಳಿದರೆ ನಮ್ಮ ಮದರಸದ ಮಕ್ಕಳೂ ಹೇಳುತ್ತಾರೆ: ಅಲ್ ಬಕರಾ ಅಧ್ಯಾಯದ 282ನೆಯದು. ಅದು ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅವಧಿ ಇಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಿ, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬೇಸರಿಸಬೇಡಿ, ಸಾಕ್ಷಿ ಇಡಿ, ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬೇಡಿ ಎಂಬ ಆದೇಶಗಳು ಅದರಲ್ಲಿವೆ. ಸಂದೇಹಕ್ಕೆ ಎಡೆ ಇಲ್ಲದಿರಲಿ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಅಂದರೆ ಬರೆಯುವುದು ಅಪನಂಬಿಕೆಯಲ್ಲ, ನಂಬಿಕೆ ಕೆಡದಂತೆ ಕಟ್ಟುವ ಬೇಲಿ. ಬಸವಕಲ್ಯಾಣದ ಮಣ್ಣಿಗೂ ಇದು ಹೊಸ ಮಾತಲ್ಲ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಎಂಬ ಪ್ರಸಿದ್ಧ ನ್ಯಾಯಗ್ರಂಥದಲ್ಲಿ ಪತ್ರ ಮತ್ತು ಸಾಕ್ಷಿಗಳ ವಿಚಾರವೇ ದೀರ್ಘವಾಗಿ ಬರುತ್ತದೆ.

ಹಾಗಾದರೆ ಏನೇನು ಬರೆಯಬೇಕು? ವಕೀಲರ ಭಾಷೆ ಬೇಡ, ನೋಟ್ ಪುಸ್ತಕದ ಒಂದು ಹಾಳೆ ಸಾಕು.

ಹಾಲ್: ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಕರೆಂಟು, ಜನರೇಟರಿನ ಡೀಸೆಲ್, ನೀರು, ಸ್ವಚ್ಛತೆ ಬಾಡಿಗೆಯಲ್ಲೇ ಸೇರಿದೆಯಾ? ಜಿಎಸ್‌ಟಿ ಸೇರಿಸಿಯಾ, ಬೇರೆಯಾ? ಹೊರಗಿನ ಬಾವರ್ಚಿ, ಡೆಕೊರೇಷನ್‌ನವರನ್ನು ಬಿಡುತ್ತಾರಾ?

ಊಟ: ಲೆಕ್ಕ ದೇಗಿನದಾ, ಪ್ಲೇಟಿನದಾ? ಒಂದು ದೇಗಿಗೆ ಅಕ್ಕಿ ಎಷ್ಟು ಕಿಲೋ, ಮಾಂಸ ಎಷ್ಟು ಕಿಲೋ? ಸಾಮಾನು ಯಾರದು? ಪ್ಲೇಟ್ ಆದರೆ ಎಣಿಸುವವರು ಯಾರು? ಜನ ಕಡಿಮೆ ಬಂದರೆ ಕನಿಷ್ಠ ಎಷ್ಟಕ್ಕೆ ಹಣ ಕೊಡಬೇಕು?

ಟೆಂಟ್ ಹೌಸ್: ಕುರ್ಚಿ, ಪಾತ್ರೆ ಎಣಿಸಿ ತೆಗೆದುಕೊಂಡು ಎಣಿಸಿ ಕೊಡುವುದು, ಒಡೆದರೆ, ಕಳೆದರೆ ಎಷ್ಟು ಎಂಬುದು.

ಬಸ್ಸು: ಕಿಲೋಮೀಟರ್ ಲೆಕ್ಕ, ಟೋಲ್, ಚಾಲಕನ ಭತ್ತೆ, ಒಂದು ರಾತ್ರಿ ನಿಂತರೆ ಎಷ್ಟು?

ಫೋಟೊ: ಆಲ್ಬಮ್ ಯಾವ ದಿನ ಕೈಗೆ ಸಿಗುತ್ತದೆ? ಬಾಕಿ ಹಣ ಆ ದಿನವೇ.

ಎಲ್ಲರಿಗೂ ಅನ್ವಯವಾಗುವ ಮೂರು ಸಾಲು ಮರೆಯಬೇಡಿ: ಮುಂಗಡ ಎಷ್ಟು, ಬಾಕಿ ಯಾವಾಗ, ದಿನ ಬದಲಾದರೆ, ಮೌತ್ ಆದರೆ, ಸರಕಾರದ ನಿರ್ಬಂಧ ಬಂದರೆ ಮುಂಗಡದ ಕತೆ ಏನು, ಅವರೇ ಕೈಕೊಟ್ಟರೆ ನಮಗೆ ಏನು ಕೊಡುತ್ತಾರೆ. 2020ರ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಂಡರೆ ಈ ಸಾಲುಗಳ ಬೆಲೆ ಗೊತ್ತಾಗುತ್ತದೆ. ಚೌಕಾಸಿ ಮಾಡುವುದಿದ್ದರೆ ಮುಂಗಡ ಕೊಡುವ ಮೊದಲೇ ಮಾಡಿ. ಊಟ ಮುಗಿದು ನೆಂಟರು ಹೋದ ಮೇಲೆ ‘ಉಪ್ಪು ಕಡಿಮೆ ಇತ್ತು’ ಎಂದು ಬಾವರ್ಚಿಯ ಕೂಲಿ ಕಡಿಯುವುದು ಚೌಕಾಸಿಯಲ್ಲ. ಹಣವನ್ನು ಆದಷ್ಟು ಬ್ಯಾಂಕ್ ಅಥವಾ ಫೋನಿನ ಮೂಲಕ ಕೊಡಿ. ಮಾತಾಡಿದ್ದನ್ನು ಒಂದು ವಾಟ್ಸ್ಆ್ಯಪ್ ಸಂದೇಶವಾಗಿ ಕಳಿಸಿ ಅವರಿಂದ ‘ಸರಿ’ ಎಂದು ಉತ್ತರ ಪಡೆದರೂ ಅದೊಂದು ದಾಖಲೆಯೇ.

ಹಿರಿಯರ ಪಂಚಾತಿಕೆಯಿಂದ ಬಗೆಹರಿಯದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಹಾಲ್ ಬೀದರ್ ಜಿಲ್ಲೆಯಲ್ಲಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಈ ಕಾಯ್ದೆ ಅವಕಾಶ ಕೊಟ್ಟಿದೆ.

ಎರಡನೇ ಸಲ ದಿನ ನಿಶ್ಚಯಿಸಿದಾಗ ನಾನು ಪೆನ್ನನ್ನು ಕಿಸೆಗೆ ಹಾಕಲಿಲ್ಲ. ಬಾವರ್ಚಿಯ ಎದುರು ಕೂತು ದೇಗ್ ಎಷ್ಟು, ಅಕ್ಕಿ ಎಷ್ಟು, ಕೂಲಿ ಎಷ್ಟು, ನಾವು ದಿನ ತಪ್ಪಿಸಿದರೆ ಅವರಿಗೆ ಎಷ್ಟು ಎಂದು ಬರೆದೆ. ಓದಿ ಹೇಳಿದೆ. ಅವರು ಸಹಿ ಹಾಕಿದರು. ಹಾಳೆ ಮಡಚಲು ಹೋದಾಗ ಕೈ ಚಾಚಿದರು: ‘ನನಗೂ ಒಂದು ಬರೆದು ಕೊಡ್ರಿ ಹಜ್ರತ್. ಇಷ್ಟು ವರ್ಷದಾಗ ನನ್ನ ಹೆಸರಿಗೆ ಯಾರೂ ಹಿಂಗ ಬರೆದು ಕೊಟ್ಟಿಲ್ಲ.’

ವಲೀಮಾ ಚೆನ್ನಾಗಿ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಮನೆಯಲ್ಲಿ ಮದುವೆ ನಿಶ್ಚಯವಾದವರು ಮುಂಗಡ ಕೊಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ, ಎರಡು ಪ್ರತಿ ಬರೆಯಿರಿ. ಮಾತಿಗೆ ತಪ್ಪದಿರುವ ತೌಫೀಕನ್ನು ಅಲ್ಲಾಹು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.